ಕೇರಿ ಚರ್ಚಿನ ಹೆಂಚು ಇಳಿಸೋ ಮುಂಚೆ



ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಓದಿ.

ಮಳೆಗಾಲ ಬಂತು ಅಂದ್ರೆ ಫೇಸ್‌ಬುಕ್ ತುಂಬಾ ಶೆಟ್ಟಿಹಳ್ಳಿ ಚರ್ಚಿನ ಫೋಟೋ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿ ನಿಂತಿರೋ ಗೋಡೆಗಳು, ಕಮಾನುಗಳು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಕ್ಯಾಥೊಲಿಕ್ ಚರ್ಚು ಅದು. ಮದುವೆ ಗೊತ್ತಾದ ಹುಡುಗ ಹುಡುಗಿ ಅಲ್ಲಿಗೆ ಹೋಗಿ ಫೋಟೋ ತೆಗೆಸ್ಕೊಂಡು ಬರ್ತಾರೆ. ಚೆನ್ನಾಗಿದೆ, ನೋಡಲಿ ಬಿಡಿ. ಆದ್ರೆ ಚರ್ಚು ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಬರೀ ಅಂಥ ಎತ್ತರದ ಗೋಪುರ, ಬಣ್ಣದ ಗಾಜು, ಬೆಂಗಳೂರಿನ ದಂಡು ಪ್ರದೇಶದ ದೊಡ್ಡ ಕಟ್ಟಡ. ನಾನು ಹೇಳಬೇಕು ಅಂತಿರೋದು ಇನ್ನೊಂದು ಥರದ ಚರ್ಚಿನ ಬಗ್ಗೆ. ಅದಕ್ಕೆ ಗೋಪುರ ಇಲ್ಲ, ಬಣ್ಣದ ಗಾಜಿಲ್ಲ, ಮೂರ್ತಿಗಳಿಲ್ಲ. ದೂರದಿಂದ ನೋಡಿದ್ರೆ ಹಳೆ ಪ್ರೈಮರಿ ಸ್ಕೂಲು ಅಂತ ಅಂದ್ಕೊಂಡು ಮುಂದೆ ಹೋಗ್ಬಿಡ್ತೀರ. ಕೇರಿ ಪಕ್ಕದಲ್ಲಿ ನಿಂತಿರೋ ಪ್ರಾಟೆಸ್ಟೆಂಟ್ ಚರ್ಚು.

ನಮ್ಮ ವಿಜಯಪುರ ಅಂದ್ರೆ ಗೋಲಗುಂಬಜ್ ಇರೋ ವಿಜಯಪುರ ಅಲ್ಲ. ದೇವನಹಳ್ಳಿ ತಾಲ್ಲೂಕಿನದು. ಹಳಬರು ಈಗಲೂ ವಡಿಗೇನಹಳ್ಳಿ ಅಂತಾರೆ. ರೇಷ್ಮೆ ಗೂಡಿನ ಮಾರ್ಕೆಟ್ಟಿನ ಊರು. ಇಲ್ಲಿಂದ ಒಂದಷ್ಟು ದೂರದ ಹಳ್ಳಿಯೊಂದಕ್ಕೆ ನಮ್ಮ ದೊಡ್ಡಮ್ಮನನ್ನ ಕೊಟ್ಟಿದ್ರು. ಊರಿನ ಹೆಸರು ಬರೆಯಲ್ಲ. ಯಾಕೆ ಬರೆಯಲ್ಲ ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತೆ. ಅಲ್ಲಿನ ಕೇರಿಯಲ್ಲಿ ಅಂಥದ್ದೊಂದು ಚರ್ಚು ಇದೆ. ಅದನ್ನ ಕೆಡವಿ ಆರ್‌ಸಿಸಿ ಕಟ್ಟಬೇಕು ಅಂತ ಅಲ್ಲಿನವರು ಮಾತಾಡ್ತಿದಾರೆ. ಅದಕ್ಕೇ ಈ ಬರಹ.

ನಾನು ಕ್ರಿಶ್ಚಿಯನ್ ಅಲ್ಲ. ಬಾಬಾಸಾಹೇಬರ ದಾರಿಯವನು. ಆದ್ರೆ ಈ ಕಟ್ಟಡಗಳು ನಮ್ಮ ಚರಿತ್ರೆಯ ಭಾಗ. ಯಾವ ಧರ್ಮದಲ್ಲಿದ್ದರೂ ಕೇರಿಯ ಚರಿತ್ರೆ ಒಂದೇ.

ಮೊದಲು ಈ ಚರ್ಚುಗಳು ಹೇಗೆ ಬಂದ್ವು ಅಂತ ನೋಡೋಣ.

ಕನ್ನಡ ನಾಡಲ್ಲಿ ಪ್ರಾಟೆಸ್ಟೆಂಟ್ ಮಿಷನ್‌ಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ್ರು. 1820ರಲ್ಲಿ ಅದೇ ಮಿಷನ್ ಬೆಂಗಳೂರಿಗೆ ಬಂತು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಕರಾವಳಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಗೆ ಹೋಯ್ತು. ಮೈಸೂರು, ತುಮಕೂರು, ಗುಬ್ಬಿ ಕಡೆ ವೆಸ್ಲಿಯನ್ನರು. ಕೋಲಾರ, ಬೀದರ್ ಕಡೆ ಅಮೆರಿಕದ ಮೆಥಡಿಸ್ಟರು. ನಮ್ಮ ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಗೊತ್ತಲ್ಲ, ಅದು ಲಂಡನ್ ಮಿಷನ್ನವರು ಶುರು ಮಾಡಿದ್ದು. ನಮ್ಮ ಕಡೆ ಎಷ್ಟೋ ಮನೆಯ ಹೆಂಗಸರ ಬಾಣಂತನ ಆಗಿರೋದು ಅಲ್ಲೇ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಪುಸ್ತಕ ತಗೊಳೋಕೆ ಹೋದೋರು ನೋಡಿರ್ತೀರ. ಬೆಂಜಮಿನ್ ರೈಸ್ ಹೆಸರಿನದು. ಲಂಡನ್ ಮಿಷನ್ನಿನ ಈ ಮನುಷ್ಯ ಸುಮಾರು 50 ವರ್ಷ ಇಲ್ಲಿ ಕೆಲಸ ಮಾಡಿ 1887ರಲ್ಲಿ ತೀರ್ಕೊಂಡ್ರು. ಅವರ ಹೆಂಡತಿ ಜೇನ್ ರೈಸ್ ಬೆಂಗಳೂರಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ನಡೆಸಿದ್ರು. ಇವರ ಮಗ ಬಿ.ಎಲ್. ರೈಸ್. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನ ತಂದ ಅದೇ ಶಾಸನದ ರೈಸ್. ಅಪ್ಪ ಕನ್ನಡದಲ್ಲಿ ಪ್ರಸಂಗ ಮಾಡಿ ಶಾಲೆ ನಡೆಸಿದ್ರು, ಮಗ ಊರೂರಿನ ಕಲ್ಲು ಓದಿಸಿದ್ರು. ಆ ಕಲ್ಲುಗಳಲ್ಲಿ ರಾಜರಿದ್ದಾರೆ, ಗೌಡರಿದ್ದಾರೆ, ದಾನ ಕೊಟ್ಟವರು, ದಾನ ತಗೊಂಡವರು ಇದ್ದಾರೆ. ನಮ್ಮ ಕೇರಿಯ ಮನುಷ್ಯನೊಬ್ಬನ ಹೆಸರು ಅಲ್ಲಿ ಸಿಗೋದು ಅಪರೂಪ.

ಆದ್ರೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ತೆಗೆದು ನೋಡಿ. ಅಪ್ಪನ ಹೆಸರು, ಅವ್ವನ ಹೆಸರು, ಮಗುವಿನ ಹೆಸರು, ಊರು, ಕಸುಬು, ತಾರೀಖು. ಶಾನುಭೋಗರ ಲೆಕ್ಕದಲ್ಲಿ ಬರೀ ಜೀತದ ಆಳಾಗಿದ್ದವನು ಅಲ್ಲಿ ಹೆಸರಿರೋ ಮನುಷ್ಯ. ಅವನ ಹೆಂಡತಿಗೂ ಹೆಸರಿದೆ. ನಮ್ಮಂಥವರ ಮುತ್ತಾತ, ಮುತ್ತಜ್ಜಿಯರ ಹೆಸರು ಕಾಗದದ ಮೇಲೆ ಬಂದಿದ್ದು ಎಷ್ಟೋ ಕಡೆ ಹೀಗೆ.

ಇನ್ನೊಂದು ವಿಷಯ. ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡ್ತೀವಿ. 1843ರ ಆ ದಿನ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ್ರು ಅಂತ ಫೋಟೋಗೆ ಹಾರ ಹಾಕ್ತೀವಿ, ಭಾಷಣ ಮಾಡ್ತೀವಿ. ಅದೇ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋಗಿ, ಜೊತೆಗಿದ್ದ ಆನಂದರಾವ್ ಕೌಂಡಿನ್ಯರ ಜೊತೆ ಸೇರಿ, ಜಮೀನಿನ ಜೊತೆಗೇ ಆಸ್ತಿ ಥರ ಕೈ ಬದಲಾಗ್ತಿದ್ದ ಹೊಲೆಯರಿಗೆ ಅಂತ ಆನಂದಪುರ ಅನ್ನೋ ಊರು ಮಾಡಿದ್ರು. ಕೌಂಡಿನ್ಯರು ಬ್ರಾಹ್ಮಣರಾಗಿ ಹುಟ್ಟಿ 1844ರಲ್ಲಿ ಕ್ರಿಶ್ಚಿಯನ್ ಆದವರು. ಪತ್ರಿಕೆ ನೆನಪಿದೆ, ಊರು ಮರೆತುಹೋಗಿದೆ. ನಮ್ಮ ನಾಡು ಏನನ್ನ ನೆನಪಿಟ್ಕೊಳುತ್ತೆ, ಏನನ್ನ ಬಿಡುತ್ತೆ ಅನ್ನೋಕೆ ಇದೊಂದು ಸಾಕು.

ಈಗ ಕಟ್ಟಡಕ್ಕೆ ಬರೋಣ.

ದೊಡ್ಡಮ್ಮನ ಊರಿನ ಚರ್ಚು ಸುಮಾರು 30 ಅಡಿ ಉದ್ದ, 16 ಅಡಿ ಅಗಲ. ಅಡಿಪಾಯಕ್ಕೆ ಸೈಜುಗಲ್ಲು. ಗೋಡೆ ಕಲ್ಲು ಮಣ್ಣಿನದು, ಮೇಲೆ ಸುಣ್ಣದ ಗಾರೆ. ಎರಡು ಕಡೆಗೂ ಇಳಿಜಾರಿನ ಹೆಂಚಿನ ಮಾಡು. ಉದ್ದದ ಗೋಡೆಗಳಲ್ಲಿ ಮೂರು ಮೂರು ಕಿಟಕಿ, ಮೇಲೆ ಸಣ್ಣ ಕಮಾನು. ಒಂದೇ ಒಂದು ಬಾಗಿಲು. ಒಳಗೆ ನಡುವೆ ಒಂದೂ ಕಂಬ ಇಲ್ಲ. ಎದುರಿನ ಗೋಡೆಯ ಹತ್ತಿರ ನೆಲಕ್ಕಿಂತ ಒಂದು ಮೆಟ್ಟಿಲು ಎತ್ತರದ ಜಗಲಿ, ಅದರ ಮೇಲೆ ಮೇಜು, ಪಕ್ಕದಲ್ಲಿ ಪ್ರಸಂಗ ಮಾಡೋಕೆ ಮರದ ಪೀಠ. ಗೋಡೆ ಮೇಲೆ ಬರೀ ಮರದ ಶಿಲುಬೆ, ಕೆಳಗೆ ನೀಲಿ ಬಣ್ಣದಲ್ಲಿ ಬರೆದ ಬೈಬಲಿನ ಒಂದು ವಾಕ್ಯ. ಕೂರೋಕೆ ಚಾಪೆ. ಬೆಂಚು ಬಂದಿದ್ದು ಈಚೆಗೆ. ಗಂಟೆ ಅಂತ ಇರೋದು ಎರಡು ಕಲ್ಲು ಕಂಬದ ನಡುವೆ ನೇತು ಹಾಕಿರೋ ರೈಲು ಕಂಬಿಯ ತುಂಡು. ಅದನ್ನ ಬಡಿದ್ರೆ ಹೊಲದಲ್ಲಿ ಕಳೆ ಕೀಳ್ತಿರೋರಿಗೂ ಕೇಳ್ಸುತ್ತೆ.

ಇಷ್ಟೇನಾ ಅಂತೀರಾ? ಇಷ್ಟೇ. ಆದ್ರೆ ಇದನ್ನ ಊರಿನ ದೇವಸ್ಥಾನದ ಪಕ್ಕದಲ್ಲಿಟ್ಟು ನೋಡಿ. ದೇವಸ್ಥಾನದಲ್ಲಿ ಒಂದು ಬಾಗಿಲು ಆದ್ಮೇಲೆ ಇನ್ನೊಂದು ಬಾಗಿಲು. ಹೊರಗಿನ ಪ್ರಾಕಾರ, ಮುಖಮಂಟಪ, ನವರಂಗ, ಸುಕನಾಸಿ, ಗರ್ಭಗುಡಿ. ಒಳಗೆ ಹೋದಂಗೆಲ್ಲ ಕತ್ತಲೆ ಜಾಸ್ತಿ, ಜನ ಕಮ್ಮಿ. ಯಾರು ಎಲ್ಲಿ ತನಕ ಬರಬಹುದು ಅನ್ನೋದನ್ನ ಕಲ್ಲೇ ಹೇಳುತ್ತೆ. ನಮ್ಮೋರು ನಿಲ್ಲಬೇಕಾಗಿದ್ದು ಮೊದಲ ಬಾಗಿಲಿಗಿಂತಲೂ ಆಚೆ. ಚರ್ಚಿನ ಹಾಲ್‌ನಲ್ಲಿ ಗರ್ಭಗುಡಿ ಅನ್ನೋದೇ ಇಲ್ಲ. ಬಾಗಿಲು ದಾಟಿದ್ರೆ ಎಲ್ಲರೂ ಇರೋದು ಒಂದೇ ಕೋಣೆಯಲ್ಲಿ. ಎರಡೂ ಕಡೆ ಕಿಟಕಿಯಿಂದ ಬೆಳಕು ಬೀಳುತ್ತೆ, ಯಾಕಂದ್ರೆ ಅಲ್ಲಿ ಓದಬೇಕು. ಲಂಡನ್ ಮಿಷನ್ನವರ ಪಂಥದಲ್ಲಿ ಪೂಜೆಗಿಂತ ಪ್ರಸಂಗ ಮುಖ್ಯ. ಕೇಳೋರಿಗೆ ಮಾತು ಕೇಳ್ಸಬೇಕು, ಹೇಳೋರ ಮುಖ ಕಾಣ್ಸಬೇಕು. ಅದಕ್ಕೇ ಕಂಬ ಇಲ್ಲ.

ಕಂಬ ಇಲ್ಲದೆ ಮಾಡು ಹೇಗೆ ನಿಲ್ತು? ಅದಕ್ಕೂ ಒಂದು ಕತೆ ಇದೆ.

ನಾಡಹೆಂಚು ನೋಡಿರ್ತೀರ. ಕುಂಬಾರರು ಮಾಡ್ತಿದ್ದ ಅರ್ಧ ಕೊಳವೆ ಥರದ್ದು. ಒಂದರ ಮೇಲೊಂದು ಹೊದಿಸಬೇಕು, ಭಾರ ಜಾಸ್ತಿ, ಕೋತಿ ಓಡಾಡಿದ್ರೆ ಜರುಗ್ತವೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ಮತ್ತೆ ಹೊದಿಸಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ನೇತ್ರಾವತಿ ದಡದ ಜೇಡಿಮಣ್ಣು, ಯಂತ್ರದಲ್ಲಿ ಒತ್ತಿದ ಚಪ್ಪಟೆ ಹೆಂಚು. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿನ ಕಾಲುವೆಯೊಳಗೆ ಕೂತ್ಕೊಳುತ್ತೆ, ಕೆಳಗಿನ ಮೂಗು ರೀಪಿಗೆ ಸಿಕ್ಕಿಹಾಕ್ಕೊಳುತ್ತೆ. ಗಾರೆ ಬೇಕಿಲ್ಲ. ಭಾರ ಕಮ್ಮಿ. ಹಾಗಾಗಿ ತೊಲೆಗೆ ನಡುವೆ ಕಂಬ ಕೊಡದೇನೇ, ಗೋಡೆಯಿಂದ ಗೋಡೆಗೆ ಮರದ ತ್ರಿಕೋನ ಕಟ್ಟಿ ಮಾಡು ನಿಲ್ಲಿಸಬಹುದು. ಮಂಗಳೂರು ಹೆಂಚು ಅಂತ ಇಡೀ ದೇಶಕ್ಕೆ ಹೋಯ್ತು. ರೈಲ್ವೆ ಸ್ಟೇಷನ್ನು, ಸ್ಕೂಲು, ಕಚೇರಿ, ಎಲ್ಲಕ್ಕೂ ಅದೇ ಹೆಂಚು.

ಮಿಷನ್ನಿಗೆ ಕಾರ್ಖಾನೆ ಯಾಕೆ ಬೇಕಾಗಿತ್ತು? ಕ್ರಿಶ್ಚಿಯನ್ ಆದವರನ್ನ ಜಾತಿಯವರು ಹೊರಗೆ ಹಾಕ್ತಿದ್ರು. ಗೇಣಿ ಹೋಗೋದು, ಕಸುಬು ಹೋಗೋದು, ಮನೆ ಹೋಗೋದು. ಕರಾವಳಿಯಲ್ಲಿ ಹೀಗೆ ಬಂದವರಲ್ಲಿ ಬಿಲ್ಲವರೇ ಹೆಚ್ಚು. ಅವರ ಹೊಟ್ಟೆಗೆ ದಾರಿ ಬೇಕಲ್ಲ? ಅದಕ್ಕೆ ನೇಯ್ಗೆ, ಅಚ್ಚುಕೂಟ, ಹೆಂಚು. ಖಾಕಿ ಬಣ್ಣ ಮೊದಲು ಹಾಕಿದ್ದು ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಶಾಲೆಯಲ್ಲಿ, 1851ರ ಹೊತ್ತಿಗೆ, ಹಾಲರ್ ಅನ್ನೋರು ಅಂತ ಹೇಳ್ತಾರೆ. ಅಂದ್ರೆ ಒಂದು ಹೆಂಚಿನ ಹಿಂದೆ ಬಹಿಷ್ಕಾರ ಇದೆ. ಊರು ಬಿಡಿಸಿದ ಜನ ಸುಟ್ಟ ಹೆಂಚು ಊರವರ ಮನೆ ಮೇಲೂ ಕೂತಿದೆ. ಹೊದಿಸಿಕೊಂಡವರಿಗೆ ಇದು ಗೊತ್ತಿಲ್ಲ ಅಷ್ಟೇ.

ಇನ್ನು ಶಾಲೆ. ಆ ಕಾಲದ ಹಳ್ಳಿ ಚರ್ಚುಗಳು ಎಷ್ಟೋ ಕಡೆ ಚರ್ಚೂ ಹೌದು, ಶಾಲೆಯೂ ಹೌದು. ಭಾನುವಾರ ಆರಾಧನೆ, ಸೋಮವಾರದಿಂದ ಅದೇ ಚಾಪೆ ಮೇಲೆ ಮಗ್ಗಿ, ಕಾಗುಣಿತ. ಉಪದೇಶಿಯೇ ಮೇಷ್ಟ್ರು. ಇದಕ್ಕೆ ಎಷ್ಟು ಬೆಲೆ ಅಂತ ತಿಳಿಬೇಕು ಅಂದ್ರೆ ಧಾರವಾಡದ ಕೇಸು ನೋಡಿ. 1856ರಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಫೀಸು ಕಟ್ಟೋಕೆ ತಯಾರಿದ್ದ. ಮುಂಬಯಿ ಸರ್ಕಾರ ಆಗಲ್ಲ ಅಂತು. ಒಬ್ಬನಿಗೋಸ್ಕರ ಮಿಕ್ಕವರನ್ನ ಕಳಕೊಳೋಕಾಗಲ್ಲ ಅನ್ನೋದು ಅದರ ವಾದ. 1858ರಲ್ಲಿ, ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಅಂತ ಆದೇಶ ಆಯ್ತು. ಕಾಗದದ ಮೇಲೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ಬಾಬಾಸಾಹೇಬರು ಇದೇ ಕೇಸನ್ನ ಎತ್ತಿ ತೋರಿಸಿದ್ರು. ನಮ್ಮ ಕನ್ನಡ ನೆಲದಲ್ಲಿ ನಡೆದಿದ್ದು ಇದು, ಎಷ್ಟು ಜನಕ್ಕೆ ಗೊತ್ತು? ಕಡೆಗೆ ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ನಮ್ಮ ಮಕ್ಕಳಿಗೆ ಅಂತಲೇ ಬೇರೆ ಶಾಲೆ ತೆಗೀಬೇಕಾಯ್ತು. ಇಂಥ ಕಾಲದಲ್ಲಿ ಕೇರಿ ಒಳಗೇ ಒಂದು ಹೆಂಚಿನ ಕೋಣೆ, ಅದರಲ್ಲಿ ಒಂದು ಕರಿಹಲಗೆ ಅಂದ್ರೆ ಸಣ್ಣ ವಿಷಯ ಅಲ್ಲ. ನಮ್ಮ ದೊಡ್ಡಪ್ಪ ಸಹಿ ಹಾಕೋದು ಕಲಿತದ್ದು ಅಲ್ಲಿ.

ಮೂರನೇದು ಬಟ್ಟಲು. ಪ್ರಾಟೆಸ್ಟೆಂಟರಲ್ಲಿ ಕರ್ತನ ಭೋಜನ ಅಂತ ಮಾಡ್ತಾರೆ. ಒಂದೇ ರೊಟ್ಟಿ, ಒಂದೇ ಬಟ್ಟಲಿನ ದ್ರಾಕ್ಷಾರಸ, ಎಲ್ಲರ ಬಾಯಿಗೂ. ಟೀ ಅಂಗಡಿಯಲ್ಲಿ ನಮಗೆ ಬೇರೆ ಲೋಟ, ತೆಂಗಿನ ಚಿಪ್ಪು ಇಟ್ಟಿದ್ದ ಕಾಲದಲ್ಲಿ ಒಂದೇ ಬಟ್ಟಲು ಅನ್ನೋದು ದೊಡ್ಡ ಮಾತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖನೂ ಹೇಳ್ಬೇಕು. ಬರೀ ಹೊಗಳಿದ್ರೆ ಅದು ಚರಿತ್ರೆ ಆಗಲ್ಲ.

ಜಾತಿ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಂಗೆ ಬಿಟ್ಟು ಬರಲಿಲ್ಲ. ತಮಿಳುನಾಡಿನಲ್ಲಿ ಅದೇ ಬಟ್ಟಲಿಗೆ ಜಗಳ ಆಯ್ತು. ಯಾರು ಮೊದಲು ಕುಡೀಬೇಕು, ಯಾರು ಎಲ್ಲಿ ಕೂರಬೇಕು ಅಂತ. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗೆ ಜಾತಿ ಪೂರ್ತಿಯಾಗಿ ಹೋಗಬೇಕು ಅಂತ ಕಾಗದ ಬರೆದ್ರು. ಅದನ್ನ ಕೇಳಿ ಮೇಲ್ಜಾತಿ ಕ್ರಿಶ್ಚಿಯನ್ನರು ನೂರಾರು ಜನ ಸಭೆ ಬಿಟ್ಟು ಎದ್ದು ಹೋದ್ರು. ಕ್ಯಾಥೊಲಿಕರ ಕಡೆ ಇನ್ನೂ ವಿಚಿತ್ರ. ತಿರುನಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ 1872ರ ಸುಮಾರಿಗೆ ಒಂದು ಚರ್ಚು ಕಟ್ಟಿದ್ರು. ಅದರ ನಕ್ಷೆಯೇ ಪ್ಯಾಂಟಿನ ಥರ. ಎರಡು ಕಾಲು. ಒಂದು ಕಾಲಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು. ಇಬ್ಬರಿಗೂ ಬಲಿಪೀಠ ಕಾಣ್ಸುತ್ತೆ, ಒಬ್ಬರಿಗೊಬ್ಬರು ಕಾಣ್ಸಲ್ಲ. ಜಾತಿಗೆ ತಕ್ಕಂಗೆ ಎಂಜಿನಿಯರಿಂಗ್! 1910ರ ಹೊತ್ತಿಗೆ ನಡುವಿನ ಗೋಡೆ ಒಡೆಸಿದಾಗ ಮೇಲ್ಜಾತಿಯವರು ಕೋರ್ಟಿಗೆ ಹೋದ್ರು. ಮದ್ರಾಸ್ ಹೈಕೋರ್ಟ್ ಅವರ ವಾದ ತಳ್ಳಿಹಾಕ್ತು.

ಬಾಬಾಸಾಹೇಬರು ಮತಾಂತರದ ಬಗ್ಗೆ ಬರೆದಾಗ ಮಿಷನರಿಗಳನ್ನ ಸುಮ್ನೆ ಬಿಡಲಿಲ್ಲ. ನೀವು ಕಟ್ಟಿದ ದೊಡ್ಡ ಕಾಲೇಜುಗಳ ಲಾಭ ಯಾರಿಗಾಯ್ತು, ಸವರ್ಣ ಹಿಂದೂಗಳ ಮಕ್ಕಳಿಗಲ್ವಾ, ನಿಮ್ಮನ್ನ ನಂಬಿ ಬಂದ ಅಸ್ಪೃಶ್ಯರಿಗೆ ಏನು ಸಿಕ್ತು ಅಂತ ಕೇಳಿದ್ರು. ಕ್ರಿಶ್ಚಿಯನ್ ಆದ ಅಸ್ಪೃಶ್ಯರು ತಮ್ಮ ಮೇಲಿನ ಅನ್ಯಾಯದ ವಿರುದ್ಧ ಚಳವಳಿ ಕಟ್ಟಲಿಲ್ಲ ಅಂತಲೂ ನೋವಿನಿಂದ ಬರೆದ್ರು. ಅವರ ಮಾತು ಇವತ್ತಿಗೂ ನಿಜ. ನಗರದ ದೊಡ್ಡ ಚರ್ಚಿಗೂ ಕೇರಿಯ ಚರ್ಚಿಗೂ ಇರೋ ದೂರ ಕಿಲೋಮೀಟರ್ ಲೆಕ್ಕದಲ್ಲಿ ಅಳೆಯೋದಲ್ಲ.

ಆದ್ರೂ ಒಂದು ಮಾತು. ಈ ಕಟ್ಟಡಗಳನ್ನ ಕಟ್ಟಿದ್ದು ಬರೀ ವಿದೇಶಿ ದುಡ್ಡಾ? ತೆಲಂಗಾಣದ ಮೇದಕ್‌ನಲ್ಲಿ ಒಂದು ದೊಡ್ಡ ಕೆಥೀಡ್ರಲ್ ಇದೆ. ವೆಸ್ಲಿಯನ್ ಮಿಷನ್ನಿನ ಚಾರ್ಲ್ಸ್ ಪಾಸ್ನೆಟ್ ಕಟ್ಟಿಸಿದ್ದು. 1914ರಲ್ಲಿ ಶುರುವಾಗಿ 1924ರ ಕ್ರಿಸ್ಮಸ್ ದಿನ ತೆರೆದಿದ್ದು. ಸುಮಾರು 175 ಅಡಿ ಎತ್ತರದ ಗೋಪುರ. ಬರಗಾಲದಲ್ಲಿ ಹೊಟ್ಟೆಗಿಲ್ಲದ ಜನ ಕೂಲಿಗೆ ಕಲ್ಲು ಹೊತ್ತು ಕಟ್ಟಿದ್ರು. ಆ ಸಭೆಯ ಜನ ಹೆಚ್ಚಿನವರು ಮಾಲ, ಮಾದಿಗರು. ಪಾಸ್ನೆಟ್ ಹೆಸರು ಎಲ್ಲ ಕಡೆ ಇದೆ, ಕಲ್ಲು ಹೊತ್ತವರ ಹೆಸರು ಇಲ್ಲ. ನಮ್ಮ ಮೈಸೂರು ಸೀಮೆಯಲ್ಲೂ 1876-78ರ ಮಹಾ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ರು. 50 ಲಕ್ಷದ ರಾಜ್ಯದಲ್ಲಿ ಐದರಲ್ಲಿ ಒಬ್ಬರು. ಮೊದಲು ಸತ್ತಿದ್ದು ಭೂಮಿ ಇಲ್ಲದವರು. ಅನಾಥ ಮಕ್ಕಳನ್ನ ಮಿಷನ್‌ಗಳು ಸಾಕಿದ್ವು. 'ಗಂಜಿಗೆ ಮತ ಬಿಟ್ರು' ಅಂತ ಇವತ್ತು ಹಂಗಿಸೋರು, ಆಗ ಗಂಜಿ ಕೊಡದೆ ಇದ್ದವರು ಯಾರು ಅಂತ ಮಾತ್ರ ಕೇಳಲ್ಲ.

ದೊಡ್ಡಮ್ಮನ ಊರಿನ ಚರ್ಚಿಗೂ ಕಲ್ಲು ಹೊತ್ತವರು ಕೇರಿಯವರೇ. ಈಗಲೂ ಅಲ್ಲಿ ಸುಗ್ಗಿ ಹಬ್ಬ ಅಂತ ಮಾಡ್ತಾರೆ. ಮನೆ ಮನೆಯಿಂದ ರಾಗಿ, ಅವರೆಕಾಯಿ, ಕುಂಬಳಕಾಯಿ, ಕೋಳಿ, ಕೆಲವರು ಒಂದಷ್ಟು ರೇಷ್ಮೆ ಗೂಡು ತಂದಿಡ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ಕುಂಬಳಕಾಯಿಯನ್ನ ಮೂರು ಮೂರು ಸಲ ಕೂಗ್ತಾರೆ. ಕೊಂಡವರು ಮತ್ತೆ ಚರ್ಚಿಗೇ ಕೊಡ್ತಾರೆ, ಮತ್ತೆ ಹರಾಜು. ಸುಣ್ಣ ಬಣ್ಣ ಆಗೋದು ಆ ದುಡ್ಡಲ್ಲಿ.

ಈಗ ಊರಿನ ಹೆಸರು ಯಾಕೆ ಬರೆಯಲಿಲ್ಲ ಅನ್ನೋದಕ್ಕೆ ಬರ್ತೀನಿ.

1950ರ ಆಗಸ್ಟ್ 10ರಂದು ಪರಿಶಿಷ್ಟ ಜಾತಿಗಳ ಆದೇಶ ಬಂತು. ಅದರ ಮೂರನೇ ಪ್ಯಾರಾ ಹೇಳಿದ್ದು, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರಿಶ್ಚಿಯನ್ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದ್ರು. 1985ರಲ್ಲಿ ಸೂಸೈ ಅನ್ನೋ ಚಪ್ಪಲಿ ಹೊಲಿಯೋ ಕ್ರಿಶ್ಚಿಯನ್ ಒಬ್ಬರು ಸುಪ್ರೀಂ ಕೋರ್ಟ್ ತನಕ ಹೋದ್ರು. ರಸ್ತೆ ಬದಿ ಚಪ್ಪಲಿ ಹೊಲಿಯೋರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಡ್ತಿತ್ತು, ಇವರಿಗೆ ಕೊಡಲಿಲ್ಲ. ಅದೇ ಜಾತಿ, ಅದೇ ಕಸುಬು, ಅದೇ ಬೀದಿ. ಮತಾಂತರ ಆದಮೇಲೂ ಅಷ್ಟೇ ತೀವ್ರವಾದ ತೊಂದರೆ ಇದೆ ಅಂತ ತೋರಿಸಿಲ್ಲ ಅಂತ ಕೋರ್ಟ್ ಹೇಳ್ತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಷರತ್ತು ತೆಗೀರಿ ಅಂತ ಶಿಫಾರಸು ಮಾಡ್ತು. 2022ರ ಅಕ್ಟೋಬರ್‌ನಲ್ಲಿ ಅದೇ ವಿಷಯಕ್ಕೆ ಇನ್ನೊಂದು ಆಯೋಗ, ನ್ಯಾಯಮೂರ್ತಿ ಬಾಲಕೃಷ್ಣನ್ ಅವರದು. ಕರ್ನಾಟಕದಲ್ಲಿ ಎಸ್ಸಿಯಿಂದ ಕ್ರಿಶ್ಚಿಯನ್ ಆದವರನ್ನ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಎಸ್ಸಿ ಪಟ್ಟಿಯಲ್ಲಿ ಇಲ್ಲದ ಮೇಲೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ. ಊರಿನ ಗೌಡ ಬೈಯೋವಾಗ ಹಳೇ ಜಾತಿ ಹಿಡಿದೇ ಬೈತಾನೆ. ಸ್ಟೇಷನ್ನಿಗೆ ಹೋದಾಗ ಮಾತ್ರ ಜಾತಿ ಇಲ್ಲ.

ಇದರ ಮೇಲೆ 2022ರ ಮತಾಂತರ ಕಾಯ್ದೆ. ಧರ್ಮ ಬದಲಾಯಿಸೋಕೆ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎಸ್ಸಿ ಎಸ್ಟಿಯವರನ್ನ ಮತಾಂತರ ಮಾಡಿದ್ರೆ ಅಂತ ಹೆಚ್ಚಿನ ಶಿಕ್ಷೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ವಾಪಸ್ ತಗೊಳೋ ತೀರ್ಮಾನ ಮಾಡ್ತು, ಆದ್ರೆ ಆ ಕಾಯ್ದೆ ಹುಟ್ಟಿಸಿದ ಹೆದರಿಕೆ ಹಳ್ಳಿಯಲ್ಲಿ ಅಷ್ಟು ಬೇಗ ಹೋಗಲ್ಲ.

ನಾನು ಕಚೇರಿಯಲ್ಲಿ ಗುಮಾಸ್ತ. ಕಾಗದಕ್ಕೆ ಎಷ್ಟು ಶಕ್ತಿ ಅಂತ ದಿನಾ ನೋಡ್ತೀನಿ. ಹಾಗಾಗಿ ಹೇಳ್ತಿದೀನಿ. ಮೇಲೆ ನಾನು ಹೊಗಳಿದ ಅದೇ ರಿಜಿಸ್ಟರ್, ನಮ್ಮ ಮುತ್ತಜ್ಜಿಯ ಹೆಸರಿರೋ ಪುಸ್ತಕ, ಇವತ್ತು ಅವಳ ಮರಿಮಗಳ ಸರ್ಟಿಫಿಕೇಟ್ ಕಿತ್ಕೊಳೋ ಸಾಕ್ಷಿಯೂ ಆಗಬಹುದು. ಶಾಲೆಯಲ್ಲಿ ಒಂದು ಹೆಸರು, ಚರ್ಚಿನಲ್ಲಿ ಒಂದು ಹೆಸರು ಇಟ್ಕೊಂಡು ಬದುಕ್ತಿರೋರು ಮೋಸಗಾರರಲ್ಲ. ಒಂದು ಹೆಸರಲ್ಲಿ ಬದುಕೋಕೆ ಕಾನೂನು ಬಿಟ್ಟಿಲ್ಲ ಅಷ್ಟೇ. ದೊಡ್ಡಮ್ಮ ಹೇಳ್ತಿದ್ದ ಮಾತು: 'ದೇವ್ರಿಗೆ ನಾವ್ಯಾರು ಅಂತ ಗೊತ್ತೈತೆ ಕಣಪ್ಪ. ಸರ್ಕಾರಕ್ಕೇ ಗೊತ್ತಿಲ್ಲ.'

ಈಗ ಕೆಡವೋ ವಿಷಯ. ದೊಡ್ಡಮ್ಮನ ಮಗ, ನಮ್ಮಣ್ಣ, ಸಭೆಯ ಕಮಿಟಿಯಲ್ಲಿದ್ದಾನೆ. 'ಇದನ್ನ ಕೆಡವಬೇಡ್ರಣ್ಣ' ಅಂದೆ. ಅವನು ಕೋಪ ಮಾಡ್ಕೊಂಡ.

'ನೀನು ಬತ್ತೀಯ, ಫೋಟೋ ಹೊಡ್ಕೊಂಡು ವಿಜಯಪುರಕ್ಕೆ ಹೋಯ್ತೀಯ. ಭಾನುವಾರ ಸೋರೋ ಮಾಡಿನ ಕೆಳಗೆ ಕೂರೋರು ನಾವು. ಒಂದು ಹೆಂಚು ಒಡೆದ್ರೆ ಅದೇ ಅಳತೆದು ಸಿಗಲ್ಲ. ರೀಪು ಗೆದ್ದಲು ಹಿಡಿದೈತೆ. ಊರೋರು ದೇವಸ್ಥಾನಕ್ಕೆ ಗ್ರಾನೈಟ್ ಹಾಕ್ಸಿದ್ರು, ರಾಜಗೋಪುರ ಎತ್ತಿದ್ರು. ನಾವು ಮಾತ್ರ ಹಳೇದು ಚೆಂದ ಅಂತ ಹಂಗೇ ಇರ್ಬೇಕಾ?'

ಅವನ ಮಾತಲ್ಲಿ ತಪ್ಪೇನಿದೆ? ಗುಡಿಸಲಿನಲ್ಲಿ ಹುಟ್ಟಿದವರಿಗೆ ಆರ್‌ಸಿಸಿ ಅಂದ್ರೆ ಬರೀ ಸಿಮೆಂಟಲ್ಲ, ಮರ್ಯಾದೆ. ನಮ್ಮ ಬಡತನದ ಗುರುತನ್ನ 'ಪರಂಪರೆ' ಅಂತ ಕರೆದು, ಅದನ್ನ ಕಾಪಾಡೋ ಹೊಣೆನೂ ನಮ್ಮ ಮೇಲೇ ಹಾಕೋದು ಸುಲಭ. ಯಲಹಂಕ-ಚಿಕ್ಕಬಳ್ಳಾಪುರ ರೈಲು ದಾರಿಯ ಹಳೇ ಸ್ಟೇಷನ್ನುಗಳು, ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ, ಇವನ್ನ ಉಳಿಸೋಕೆ ಇನ್‌ಟ್ಯಾಕ್‌ನವರು ಮುಂದೆ ಬಂದ್ರು. ಒಳ್ಳೇದು. ಕೇರಿಯ ಹೆಂಚಿನ ಚರ್ಚಿಗೆ ಯಾರು ಬರ್ತಾರೆ? ಯಾರೂ ಬರಲ್ಲ. ಬಂದ್ರೂ, ಇದು ಯಾರದು, ಯಾವ ಜಾತಿ, ಯಾವಾಗ ಮತಾಂತರ ಅಂತ ಕೇಳ್ಕೊಂಡು ಬರೋರೇ ಜಾಸ್ತಿ.

ಆದ್ರೆ ಅಣ್ಣನಿಗೆ ನಾನು ಇನ್ನೊಂದು ಕೇಳ್ದೆ. 'ಜಾಗದ ಪಹಣಿ ಯಾರ ಹೆಸರಲ್ಲಿದೆ? ಇ-ಸ್ವತ್ತು ಆಗಿದೆಯಾ?' ಅವನ ಹತ್ರ ಉತ್ತರ ಇರಲಿಲ್ಲ. 1908ರಲ್ಲಿ ಲಂಡನ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತದ ಐಕ್ಯ ಸಭೆಗೆ ಸೇರಿದ್ವು. 1947ರ ಸೆಪ್ಟೆಂಬರ್ 27ಕ್ಕೆ ಅದೂ ಸೇರಿ ಸಿ.ಎಸ್.ಐ. ಆಯ್ತು. 1970ರಲ್ಲಿ ಮೈಸೂರು ಡಯಾಸಿಸ್ ಮೂರು ಭಾಗ ಆಯ್ತು. ಇಷ್ಟು ಸಲ ಹೆಸರು ಬದಲಾದಾಗ ಹಳ್ಳಿಯ ಸಣ್ಣ ಸಣ್ಣ ಜಾಗದ ಕಾಗದ ಎಲ್ಲಿ ಹೋಯ್ತು ಅಂತ ಯಾರು ನೋಡಿದ್ದಾರೆ? 2008ರಲ್ಲಿ ಏರ್‌ಪೋರ್ಟ್ ಬಂದಮೇಲೆ ನಮ್ಮ ತಾಲ್ಲೂಕಲ್ಲಿ ಒಂದು ಗುಂಟೆಗೂ ಕಣ್ಣು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯ 1,777 ಎಕರೆ ಉಳಿಸ್ಕೊಳೋಕೆ ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತ್ರು. 2025ರ ಜುಲೈ 15ಕ್ಕೆ ಸರ್ಕಾರ ಕೈ ಬಿಡ್ತು. ಅಲ್ಲಿ ಜನ ಇದ್ರು, ಸಂಘಟನೆ ಇತ್ತು. ಕೇರಿಯ ಎರಡು ಗುಂಟೆ ಚರ್ಚಿನ ಜಾಗಕ್ಕೆ ಯಾರು ಕೂರ್ತಾರೆ? ಹಳೇ ಕಟ್ಟಡ ನಿಂತಿದ್ರೆ ಅದೇ ಒಂದು ಸಾಕ್ಷಿ, ನೂರು ವರ್ಷದಿಂದ ನಾವಿಲ್ಲಿದ್ವಿ ಅಂತ. ಕೆಡವಿದ ಮಾರನೇ ದಿನ ಅದು ಬರೀ ಖಾಲಿ ಸೈಟು. ಕಾಗದ ಇಲ್ಲದ ಖಾಲಿ ಸೈಟಿನ ಗತಿ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು.

ಅಣ್ಣ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ 'ಹಂಗಾದ್ರೆ ಮೊದಲು ಪಹಣಿ ತೆಗೆಸು' ಅಂದ. ತೆಗೆಸ್ತಿದೀನಿ. ಕೆಡವೋದು ಬಿಡೋದು ಅವರ ಸಭೆಯ ತೀರ್ಮಾನ. ಅದರಲ್ಲಿ ನಾನು ಕೈ ಹಾಕಲ್ಲ.

ಇಂಥ ಚರ್ಚು ಇರೋ ಊರಿನ ಗೆಳೆಯರಿಗೆ, ನೀವು ಸಭೆಯವರಾಗಿರಿ, ಸಂಘಟನೆಯವರಾಗಿರಿ, ನಾನು ಕೇಳ್ಕೊಳೋದು ಇಷ್ಟು.

ಒಂದು, ಕೆಡವೋ ಮುಂಚೆ ಜಾಗದ ದಾಖಲೆ ಸರಿ ಮಾಡ್ಕೊಳಿ. ಪಹಣಿ, ಗ್ರಾಮ ಪಂಚಾಯ್ತಿ ಖಾತೆ, ಕಂದಾಯ ಕಟ್ಟಿದ ರಸೀದಿ, ಕರೆಂಟ್ ಬಿಲ್ಲು, ಏನಿದ್ರೂ ಒಂದು ಫೈಲಲ್ಲಿ ಹಾಕಿಡಿ.

ಎರಡು, ರಿಪೇರಿಗೆ ಎಷ್ಟಾಗುತ್ತೆ ಅಂತ ಒಂದು ಸಲ ಅಂದಾಜು ಮಾಡ್ಸಿ. ರೀಪು ಬದಲಾಯಿಸಿ, ಕೆಡವಿರೋ ಹಳೇ ಮನೆಗಳ ಹೆಂಚು ತಂದು ಹೊದಿಸೋದು ಹೊಸದು ಕಟ್ಟೋದಕ್ಕಿಂತ ಬಹಳ ಕಮ್ಮಿಗೆ ಆಗಬಹುದು. ಪಕ್ಕದಲ್ಲಿ ಜಾಗ ಇದ್ರೆ ಹೊಸದು ಅಲ್ಲಿ ಕಟ್ಟಿ, ಹಳೇದನ್ನ ಮಕ್ಕಳು ಸಂಜೆ ಓದೋ ಕೋಣೆ ಮಾಡಿ. ಅದು ಹುಟ್ಟಿದ್ದೂ ಶಾಲೆಯಾಗೇ.

ಮೂರು, ಕೆಡವಲೇಬೇಕು ಅಂದ್ರೆ ಮೊದಲು ಟೇಪು ಹಿಡಿದು ಅಳತೆ ತಗೊಳಿ. ನಾಲ್ಕು ಕಡೆಯಿಂದ ಫೋಟೋ ತೆಗೀರಿ. ಬಾಗಿಲು, ಪ್ರಸಂಗದ ಪೀಠ, ಗಂಟೆ, ಹೆಸರಿನ ಕಲ್ಲು, ಒಂದೆರಡು ಹೆಂಚು ಎತ್ತಿಡಿ. ಗುಜರಿಗೆ ಹಾಕಬೇಡಿ.

ನಾಲ್ಕು, ರಿಜಿಸ್ಟರ್‌ಗಳನ್ನ ಗೆದ್ದಲಿಗೂ ಬಿಡಬೇಡಿ, ವಾಟ್ಸಾಪಿಗೂ ಬಿಡಬೇಡಿ. ಹಾಳೆಯ ಫೋಟೋ ತೆಗೆದು ಯಾರೂ ಯಾವ ಗ್ರೂಪಿಗೂ ಹಾಕಬಾರದು. ಸಭೆಯ ನಂಬಿಕಸ್ತರ ಹತ್ತಿರ ಬೀಗ ಹಾಕಿ ಇರಲಿ. ಕಾನೂನು ಬದಲಾದ ದಿನ ನಮ್ಮ ಮಕ್ಕಳು ತೆಗೆದು ಓದ್ತಾರೆ.

ಐದು, ಮುದುಕರು ಇದ್ದಾಗಲೇ ಕೇಳಿ. ಕಲ್ಲು ಯಾವ ಬಂಡೆಯಿಂದ ತಂದ್ರು, ಸುಣ್ಣ ಎಲ್ಲಿ ಸುಟ್ರು, ಬಡಗಿ ಯಾರು, ಮೊದಲ ಮೇಷ್ಟ್ರು ಯಾರು. ಬರೆದಿಡಿ. ನಮ್ಮ ದೊಡ್ಡಮ್ಮ ಹೋದಮೇಲೆ ಆ ಊರಲ್ಲಿ ಇದನ್ನೆಲ್ಲ ಹೇಳೋರು ಇನ್ನಿಬ್ಬರೇ ಉಳಿದಿರೋದು.

ಕೊನೆಗೆ ನಮ್ಮ ಚಳವಳಿಯವರಿಗೆ. ಕ್ರಿಶ್ಚಿಯನ್ ದಲಿತರ ಎಸ್ಸಿ ಸ್ಥಾನಮಾನದ ಪ್ರಶ್ನೆ ಬಂದಾಗ ನಮ್ಮಲ್ಲೇ ಕೆಲವರು 'ನಮ್ಮ ಪಾಲು ಕಮ್ಮಿ ಆಗುತ್ತೆ' ಅಂತ ಹಿಂದೆ ಸರೀತಾರೆ. ಪಾಲಿನ ಲೆಕ್ಕ ಮಾಡೋಣ, ಜನಸಂಖ್ಯೆಗೆ ತಕ್ಕಂತೆ ಹೆಚ್ಚಿಸಿ ಅಂತ ಸರ್ಕಾರವನ್ನ ಕೇಳೋಣ, ಅದು ಬೇರೆ ಹೋರಾಟ. ಆದ್ರೆ ಅದೇ ಕೇರಿ, ಅದೇ ನಲ್ಲಿ, ಅದೇ ಸ್ಮಶಾನದ ಜಗಳ ಇರೋ ನಮ್ಮ ಅಕ್ಕ ತಂಗಿಯರನ್ನ, ಭಾನುವಾರ ಎಲ್ಲಿ ಕೂರ್ತಾರೆ ಅನ್ನೋ ಒಂದೇ ಕಾರಣಕ್ಕೆ ನಮ್ಮವರಲ್ಲ ಅನ್ನೋಕಾಗುತ್ತಾ? ನನಗಂತೂ ಆಗಲ್ಲ.

ನಿಮ್ಮ ಕಡೆ ಇಂಥ ಚರ್ಚುಗಳಿದ್ರೆ ಅದರ ಕಟ್ಟಡದ ಬಗ್ಗೆ ಕಾಮೆಂಟಿನಲ್ಲಿ ಬರೀರಿ. ಹೆಂಚಿನ ಮೇಲೆ ಯಾವ ಕಾರ್ಖಾನೆ ಮುದ್ರೆ ಇದೆ ಅಂತ ನೋಡಿ ಹೇಳಿ. ಜನರ ಹೆಸರು, ಊರಿನ ಹೆಸರು ಮಾತ್ರ ಬೇಡ.

ಜೈ ಭೀಮ್.